ಯಂತ್ರ ಗೆದ್ದ ಮೇಲೂ ಚದುರಂಗ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಚದುರಂಗದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಈ ಆಟದ ಮಾತೆತ್ತಿದರೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೊಬೈಲೇ ಎಲ್ಲರನ್ನೂ ಸೋಲಿಸುತ್ತಲ್ಲ ಸಾರ್, ನಾವ್ಯಾಕೆ ಕಲೀಬೇಕು?" ಪ್ರಶ್ನೆ ನ್ಯಾಯವಾದದ್ದೇ.

ಮೊದಲು ಸೋಲು ಗೆಲುವಿನ ಲೆಕ್ಕ ನೋಡೋಣ. 1996ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರು ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರವನ್ನು 4–2ರಿಂದ ಸೋಲಿಸಿದರು. ಮರುವರ್ಷ ಅದೇ ಯಂತ್ರ ಸುಧಾರಿಸಿಕೊಂಡು ಬಂದು 3.5–2.5ರಿಂದ ಗೆದ್ದಿತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. 2006ರಲ್ಲಿ ಡೀಪ್ ಫ್ರಿಟ್ಜ್ ಎದುರು ಆಡಿದ ವ್ಲಾದಿಮಿರ್ ಕ್ರಾಮ್ನಿಕ್, ಒಂದೇ ನಡೆಯಲ್ಲಿ ಬರಲಿದ್ದ ಚೆಕ್‌ಮೇಟನ್ನು ಗಮನಿಸದೆ ಒಂದು ಆಟ ಕಳೆದುಕೊಂಡರು; ಸರಣಿಯನ್ನೂ 2–4ರಿಂದ ಸೋತರು. ಇಂದು ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಿಮ್ಮ ಜೇಬಿನ ಫೋನಿನಲ್ಲಿ ಕುಳಿತೇ ಅದು ಯಾವ ಗ್ರ್ಯಾಂಡ್‌ಮಾಸ್ಟರನ್ನಾದರೂ ಮಣಿಸಬಲ್ಲದು. ಆ ಪೈಪೋಟಿ ಮುಗಿಯಿತು.

ಆಟ ಮುಗಿಯಲಿಲ್ಲ. ಡೀಪ್ ಬ್ಲೂ ಗೆದ್ದು ಇಪ್ಪತ್ತು ವರ್ಷವಾದ ಮೇಲೆ, 2017ರಲ್ಲಿ, ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕರು: ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಅವರು ನೈಋತ್ಯ ರೈಲ್ವೆಯ ನೌಕರರು. ನಮ್ಮ ಅರಸೀಕೆರೆ ಜಂಕ್ಷನ್ ಕೂಡ ಅದೇ ರೈಲ್ವೆಗೆ ಸೇರಿದ್ದು. ಅವರ ಹಿಂದೆಯೇ ಶಿವಮೊಗ್ಗದ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದದ್ದು ನೆನಪಿರಬಹುದು. ಹದಿನಾಲ್ಕನೆಯ, ಕೊನೆಯ ಆಟದಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ನಡೆಸಿದರು. ನೋಡುತ್ತಿದ್ದವರಿಗೆ ಕಂಪ್ಯೂಟರ್ ಕೂಡಲೇ ತಿಳಿಸಿತು. ಎದುರು ಕುಳಿತ 18 ವರ್ಷದ ಗುಕೇಶ್‌ಗೆ ಹೇಳುವವರಿಲ್ಲ, ತಾನೇ ಕಾಣಬೇಕಿತ್ತು. ಕಂಡರು, ವಿಶ್ವ ಚಾಂಪಿಯನ್ ಆದರು. ಇದೇ ಗುಕೇಶ್‌ಗೆ ಚಿಕ್ಕಂದಿನಲ್ಲಿ ತರಬೇತುದಾರ ವಿಷ್ಣು ಪ್ರಸನ್ನ ಬಹುಕಾಲ ಕಂಪ್ಯೂಟರ್ ಮುಟ್ಟಗೊಡದೆ ಕಲಿಸಿದ್ದರು.

ಯಾಕೆ? ಗಣಿತದ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರಗಳಿರುತ್ತವೆ. ಅದನ್ನು ನೋಡಿ ಬರೆದವನಿಗೆ ನಮ್ಮ ಮೇಷ್ಟ್ರು ಅಂಕ ಕೊಡುತ್ತಿರಲಿಲ್ಲ. ಲೆಕ್ಕದ ಹಂತಗಳನ್ನು ಕೇಳುತ್ತಿದ್ದರು. ಕಂಪ್ಯೂಟರ್ ಒಳ್ಳೆಯ ನಡೆಯನ್ನು ತೋರಿಸುತ್ತದೆ. ಅದು ಯಾಕೆ ಒಳ್ಳೆಯದೆಂದು ಹುಡುಕುವ ಕೆಲಸ ನಮ್ಮದೇ.

ಹಾಗೆಂದು ಯಂತ್ರವನ್ನು ದೂರುವುದೂ ತರವಲ್ಲ. ಮೊದಲು ಒಳ್ಳೆಯ ತರಬೇತಿಗೆ ದೊಡ್ಡ ಊರಿಗೇ ಹೋಗಬೇಕಿತ್ತು. ಈಗ ಆಡಿದ ಆಟವನ್ನು ತಿದ್ದಿಕೊಳ್ಳುವ ಸೌಲಭ್ಯ ಹಳ್ಳಿಯ ಮಗುವಿಗೂ ಉಂಟು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ನೆನಪಿಗೆ ಶಾಲೆಗೆ ಹತ್ತು ಚೆಸ್ ಬೋರ್ಡ್ ಕೊಡೋಣ, ಶನಿವಾರ ಒಂದು ಗಂಟೆ ಬಿಡುವು ಕೇಳೋಣ. ಮಕ್ಕಳು ಫೋನಿಲ್ಲದೆ ಆಡಲಿ, ಪ್ರತಿ ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲಿ, ಎಲ್ಲಿ ಎಡವಿದೆವೆಂದು ತಾವೇ ಚರ್ಚಿಸಲಿ. ಅದಾದ ಮೇಲೆ ಮೇಷ್ಟ್ರ ಎದುರಿನಲ್ಲೇ ಕಂಪ್ಯೂಟರನ್ನು ಕೇಳಲಿ. ಯೋಚಿಸುವ ಅಭ್ಯಾಸ ಮೊದಲು, ಉತ್ತರ ಆಮೇಲೆ. ಹತ್ತು ಬೋರ್ಡುಗಳಲ್ಲಿ ಮೊದಲ ಎರಡು ನನ್ನವು.