ಹಿಡುವಳಿ ಯಾರದು?

(ಕೊಪ್ಪದಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಾಲದ ಅರ್ಜಿ ತುಂಬುವಾಗ "ನಿಮ್ಮ ಹಿಡುವಳಿ ಎಷ್ಟಮ್ಮಾ?" ಎಂದು ಕೇಳಿದರೆ ಅನೇಕರು, "ನಂದೇನಿದೆ ಸಿಸ್ಟರ್, ಎಲ್ಲಾ ನಮ್ಮೆಜಮಾನರದು" ಅಂತೀರಿ. ಹಾಗಾದರೆ ಹೊಗೆಸೊಪ್ಪಿನ ಸಸಿ ನೆಡೋರು, ಎಲೆ ಕಟ್ಟೋರು, ರಾಗಿ ಹೊಲದ ಕಳೆ ಕೀಳೋರು ಯಾರು? ನೀವೇ ತಾನೆ?

ಹಿಡುವಳಿ ಎಂಬ ಪದ 'ಹಿಡಿ' ಎಂಬುದರಿಂದ ಬಂದಿದೆ. ಜಮೀನನ್ನೂ ಹಿಡಿಯುತ್ತೇವೆ, ಅಧಿಕಾರವನ್ನೂ ಹಿಡಿಯುತ್ತೇವೆ. ಹಿಂದೆ ಊರಲ್ಲಿ ಇವೆರಡೂ ಜೊತೆಗೇ ಬರುತ್ತಿದ್ದವು. ಪಟೇಲ, ಶಾನುಭೋಗ, ತೋಟಿ, ನೀರಗಂಟಿ ಕೆಲಸಗಳು ವಂಶಕ್ಕೆ ಸೇರಿದ್ದವು. ಹಲವರಿಗೆ ಅದಕ್ಕಾಗಿ ಇನಾಮು ಜಮೀನೂ ಇತ್ತು. 1961ರ ಕಾಯ್ದೆ ಆ ವಂಶದ ಹುದ್ದೆಗಳನ್ನು ರದ್ದು ಮಾಡಿತು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಜಮೀನಿನ ಹಕ್ಕು ಕೊಟ್ಟಿತು. 'ಉಳುವವನೇ ಒಡೆಯ' ಎಂದರು. ಉಳುವವಳ ಮಾತು ಯಾರೂ ಎತ್ತಲಿಲ್ಲ.

ಈಗ ಗ್ರಾಮ ಪಂಚಾಯಿತಿಯ ಅಧಿಕಾರ 5 ವರ್ಷಕ್ಕೆ. 2010ರಿಂದ ಅರ್ಧದಷ್ಟು ಸ್ಥಾನ ನಮಗೇ ಮೀಸಲು. ಆದರೂ ಕೆಲವು ಕಡೆ ಸದಸ್ಯೆ ಸಹಿ ಹಾಕುತ್ತಾಳೆ, ಗಂಡ ಕಾರುಬಾರು ಮಾಡುತ್ತಾನೆ. ಯೋಚನೆ ಮಾಡಿ: ಪಂಚಾಯಿತಿಯಲ್ಲಿ ಹೆಸರು ಅವಳದು, ಹಿಡಿತ ಅವನದು. ಹೊಲದಲ್ಲಿ ದುಡಿಯುವ ಕೈ ಅವಳದು, ಹೆಸರು ಅವನದು. ಎರಡು ಕಡೆಯೂ ನಮ್ಮ ಹಿಡುವಳಿ ಅರ್ಧವೇ!

ಗಂಡಂದಿರ ಜೊತೆ ಜಗಳಕ್ಕೆ ನಿಲ್ಲಿ ಅಂತ ನಾನು ಹೇಳುತ್ತಿಲ್ಲ. ತಿಳಿದುಕೊಳ್ಳಿ ಅಂತಿದ್ದೀನಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಕಾಯ್ದೆಯೂ ಮಗ, ಮಗಳು ಎಂದು ಭೇದ ಮಾಡುವುದಿಲ್ಲ. ಅಣ್ಣ ತಮ್ಮಂದಿರು ಹಕ್ಕು ಖುಲಾಸೆ ಪತ್ರ ತಂದರೆ ಓದಿಸಿ ಕೇಳದೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಗಂಡ ತೀರಿಕೊಂಡಿದ್ದರೆ ಮರಣ ಪತ್ರ, ವಂಶವೃಕ್ಷ ಇಟ್ಟುಕೊಂಡು ಪೌತಿ ಖಾತೆಗೆ ಅರ್ಜಿ ಹಾಕಿ. 'ಮಕ್ಕಳು ದೊಡ್ಡವರಾಗಲಿ' ಎಂದು ಕಾಯುತ್ತಾ ಕೂರಬೇಡಿ.

ನಮ್ಮ ಸಂಘದಿಂದಲೇ ಶುರು ಮಾಡೋಣ. ಪ್ರತಿನಿಧಿಯ ಅವಧಿ ಮುಗಿದಾಗ ಪುಸ್ತಕ, ಲೆಕ್ಕ ಎಲ್ಲವನ್ನೂ ಮುಂದಿನವಳ ಕೈಗೆ ಒಪ್ಪಿಸಿ. ಅಧಿಕಾರ ಹಿಡಿಯುವುದನ್ನೂ ಬಿಡುವುದನ್ನೂ ಇಲ್ಲೇ ಕಲಿಯಬೇಕು.

ಮುಂದಿನ ಸಭೆಗೆ ಎಲ್ಲರೂ ಮನೆಯ ಪಹಣಿ ತನ್ನಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ಅಂತ ಕೂತು ಓದೋಣ. ಓದು ಬಾರದವರಿಗೆ ಪಕ್ಕದವರು ಓದಿ ಹೇಳಿ.