ತುತ್ತು ಇಳಿಯಲಿ, ಮಾತು ಬರಲಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಗ್ರಾಮದ ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರು ಸೇರಿ ಆಡಿದ ಮಾತುಗಳ ಬರಹರೂಪ)



ಹಸು, ಹಿಂಡಿ, ಬೋನಸ್ಸಿನ ಬಗ್ಗೆ ತಿಳಿದವರು ಆಗಲೇ ಮಾತಾಡಿದ್ದಾರೆ. ನಾವು ಮಕ್ಕಳ ವಿಷಯ ಹೇಳುತ್ತೇವೆ. ಅದರಲ್ಲೂ ಕತ್ತು ನಿಲ್ಲದ, ಉಣ್ಣಲು ಕಷ್ಟಪಡುವ, ಮಾತು ಬಾರದ ಎಳೆಯ ಮಕ್ಕಳ ವಿಷಯ. ಅಂಥವರು ನಮ್ಮೂರಲ್ಲಿ ಇಲ್ಲ ಎಂದು ಯಾರೂ ತಿಳಿಯಬೇಡಿ. ಇದ್ದಾರೆ, ಒಳಮನೆಯಲ್ಲಿದ್ದಾರೆ, ನೆಂಟರು ಬಂದಾಗ ಹೊರಗೆ ಕರೆತರುವುದಿಲ್ಲ, ಅಷ್ಟೇ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷದ ಹಿಂದೆ ಒಬ್ಬ ತಾಯಿ ಒಂದೂವರೆ ವರ್ಷದ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಅಂಗನವಾಡಿಗೆ ಬಂದಳು. "ಅಕ್ಕಾ, ಕತ್ತು ನಿಲ್ತಿಲ್ಲ, ಉಂಡಾಗೆಲ್ಲ ಕೆಮ್ತದೆ, ಒಂದು ಮಾತೂ ಇಲ್ಲ" ಅಂದಳು. ನಾವೇನು ಹೇಳಿದೆವು? "ಕೆಲವು ಮಕ್ಕಳು ನಿಧಾನ ಕಣಮ್ಮಾ, ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು" ಎಂದು ಸಮಾಧಾನ ಮಾಡಿ ಕಳಿಸಿದೆವು. ಆ ಮಳೆಗಾಲದಲ್ಲಿ ಮಗುವಿಗೆ ಎರಡು ಸಲ ನ್ಯುಮೋನಿಯಾ ಆಯಿತು. ತೂಕ ಇಳಿಯಿತು. ನಾವು ಕಾರ್ಡಿನಲ್ಲಿ ತೂಕ ಬರೆದೆವು, ಪೌಷ್ಟಿಕ ಆಹಾರದ ಪೊಟ್ಟಣ ಹೆಚ್ಚಿಗೆ ಕೊಟ್ಟೆವು. ಮಗು ಹೇಗೆ ಉಣ್ಣುತ್ತದೆ ಎಂದು ಹೋಗಿ ನೋಡಲಿಲ್ಲ.

ಕೊನೆಗೆ ಒಂದು ದಿನ ಊಟದ ಹೊತ್ತಿಗೇ ಹೋದೆವು. ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಅಂಗಾತ ಮಲಗಿಸಿಕೊಂಡು, ಮೂಗು ಹಿಡಿದು, ಒಳಲೆಯಲ್ಲಿ ರಾಗಿ ಸರಿ ಹುಯ್ಯುತ್ತಿದ್ದರು. ಪ್ರೀತಿಯಿಂದಲೇ ಹುಯ್ಯುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ನಾವೂ ನಮ್ಮ ಅಜ್ಜಿಯರ ಕೈಯಲ್ಲಿ ಹಾಗೇ ಕುಡಿದು ಬೆಳೆದವರು. ಆದರೆ ನುಂಗುವ ಶಕ್ತಿ ಸರಿಯಿಲ್ಲದ ಮಗುವಿಗೆ ಅದು ಅಪಾಯ.

ಹಸು ಸಾಕಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದನಕ್ಕೆ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ತಲೆ ತೀರಾ ಮೇಲೆತ್ತಿ, ನಾಲಿಗೆ ಎಳೆದು ಹಿಡಿದು ಹುಯ್ದರೆ ಏನಾಗುತ್ತದೆ? ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ, ಎಷ್ಟೋ ದನ ಹಾಗೇ ಸತ್ತಿವೆ. ಮಗುವಿನ ಗಂಟಲೂ ಅಷ್ಟೇ. ಅನ್ನನಾಳ, ಶ್ವಾಸನಾಳ ಎರಡೂ ಅಕ್ಕಪಕ್ಕ. ಮೂಗು ಹಿಡಿದರೆ ಮಗು ಬಾಯಲ್ಲೇ ಉಸಿರೆಳೆಯಬೇಕು, ಆಗ ಸರಿಯೂ ಉಸಿರಿನ ಜೊತೆ ಒಳಕ್ಕೆ ಹೋಗುತ್ತದೆ. ಹರಳೆಣ್ಣೆ ಹಾಕುವುದು ಇನ್ನೂ ಕೆಟ್ಟದ್ದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೂ ಕೆಲವು ಸಲ ಕೆಮ್ಮೇ ಬರುವುದಿಲ್ಲ. ಉಂಡಾಗ ಕೆಮ್ಮು, ಕಣ್ಣಲ್ಲಿ ನೀರು, ಉಂಡ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಮತ್ತೆ ಮತ್ತೆ ಕಫ-ಜ್ವರ, ಏರದ ತೂಕ: ಇವುಗಳಲ್ಲಿ ಯಾವುದು ಕಂಡರೂ ದೃಷ್ಟಿ ತೆಗೆದು ಸುಮ್ಮನಾಗಬೇಡಿ.

ಆ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ವಾಕ್ ತಜ್ಞರು ತಾಯಿಗೆ ಕಲಿಸಿದ್ದನ್ನು ನಾವೂ ಪಕ್ಕದಲ್ಲಿ ನಿಂತು ಕಲಿತೆವು. ಮಗುವನ್ನು ನೆಟ್ಟಗೆ ಕೂರಿಸಬೇಕು. ಕುರ್ಚಿಯೇ ಬೇಕೆಂದಿಲ್ಲ, ಗೋಡೆಯ ಮೂಲೆಗೆ ಒರಗಿಸಿ ಎರಡೂ ಕಡೆ ಟವೆಲ್ ಸುರುಳಿ ಇಟ್ಟರೆ ಸಾಕು. ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಿರಬೇಕು, ತಲೆ ಹಿಂದಕ್ಕೆ ಬೀಳಬಾರದು. ಉಣಿಸುವವರು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲೇ ಕೂರಬೇಕು. ಚಿಕ್ಕ, ಚಪ್ಪಟೆ ಚಮಚ. ಅರ್ಧ ಚಮಚ ನಾಲಿಗೆಯ ಮೇಲಿಟ್ಟು ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯುವುದು. ಈ ಕಾಯುವುದೇ ಕಷ್ಟ! ಹಾಲು ಕರೆಯುವ ಹೊತ್ತಾಯಿತು, ಮೇವು ಹಾಕಬೇಕು ಅನ್ನುವ ಅವಸರದಲ್ಲಿ ನಾವು ಸುರಿದುಬಿಡುತ್ತೇವೆ. ನುಂಗಿದ್ದು ಖಾತ್ರಿಯಾದ ಮೇಲೇ ಮುಂದಿನ ತುತ್ತು. ಅರ್ಧ ಗಂಟೆಗೆ ಮುಗಿಸಬೇಕು, ಆಮೇಲೆ ಮಗುವೂ ಸೋಲುತ್ತದೆ, ತಾಯಿಯೂ ಸೋಲುತ್ತಾಳೆ. ಒಂದೇ ಸಲ ತುಂಬಾ ಕೊಡುವ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ನೀರು ಕುಡಿಸುವುದು ಸುಲಭ ಎಂದು ನಾವು ತಿಳಿದಿದ್ದೆವು. ಅಲ್ಲ. ತೆಳ್ಳಗಿದ್ದಷ್ಟೂ ಗಂಟಲಿಗೆ ಬೇಗ ಜಾರುತ್ತದೆ, ಕೆಲವು ಮಕ್ಕಳಿಗೆ ಗಟ್ಟಿ ಸರಿಯೇ ಕ್ಷೇಮ. ನೀರುಸಾರಿನಲ್ಲಿ ಅನ್ನದ ಅಗುಳು ತೇಲುವಂತೆ ಕಲಸಿದರೆ ಅದು ಎಲ್ಲಕ್ಕಿಂತ ಕಷ್ಟ, ಬಾಯಿ ಒಂದೇ ಸಲ ಎರಡು ಕೆಲಸ ಮಾಡಬೇಕಲ್ಲ. ಇನ್ನೊಂದು ವಿಷಯ: ಮೊಳಕೆ ಕಟ್ಟಿದ ರಾಗಿ ಹಿಟ್ಟಿನ ಸರಿ ಬೇಯುತ್ತಾ ತೆಳ್ಳಗಾಗುತ್ತದೆ. ಸತ್ವ ಹೆಚ್ಚು, ನಿಜ, ಆದರೆ ಇಂಥ ಮಗುವಿಗೆ ಅದರ ಹದ ನೋಡಿ ಕೊಡಬೇಕು. ಯಾರಿಗೆ ಎಷ್ಟು ಗಟ್ಟಿ ಎಂಬುದನ್ನು ತಜ್ಞರೇ ಮಗುವನ್ನು ನೋಡಿ ಹೇಳಬೇಕು.

ಈಗ ಮಾತಿನ ವಿಷಯ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆ ಅನ್ನುತ್ತಾರೆ. ಹಚ್ಚಿದವರನ್ನು ನಾವು ಬೈಯುವುದಿಲ್ಲ, ಆದರೆ ಅದನ್ನೇ ನಂಬಿಕೊಂಡು ಎರಡು ವರ್ಷ ಕಳೆಯಬೇಡಿ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಕೇಳದ ಮಗು ಹೇಗೆ ಮಾತಾಡೀತು? ವರ್ಷ ತುಂಬಿದರೂ 'ಬಬ್ಬಬ್ಬ', 'ದದ್ದದ್ದ' ಎನ್ನದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಎರಡು ವರ್ಷಕ್ಕೆ 'ಹಾಲು ಕೊಡು' ಎನ್ನುವಷ್ಟು ಎರಡು ಮಾತು ಜೋಡಿಸದಿದ್ದರೆ ತೋರಿಸಿ. ತುಟಿ, ನಾಲಿಗೆ, ಅಂಗುಳ ಉಣ್ಣುವುದಕ್ಕೂ ಬೇಕು, ಮಾತಿಗೂ ಬೇಕು. ಹಾಗೆಂದು ಬಾಯಿಗೆ ಬರೀ ವ್ಯಾಯಾಮ ಮಾಡಿಸಿದರೆ ಮಾತು ಬಂದುಬಿಡುವುದಿಲ್ಲ. ಮಗುವಿನ ಜೊತೆ ಮಾತಾಡಿದರೇ ಮಾತು. ಬಾಳೆಹಣ್ಣು ಒಂದು ಕೈಯಲ್ಲಿ, ಬಿಸ್ಕತ್ತು ಒಂದು ಕೈಯಲ್ಲಿ ಹಿಡಿದು "ಯಾವುದು ಬೇಕು ಕಂದಾ?" ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ನೋಟವೋ, ಕೈಯೋ, ಸದ್ದೋ, ಏನಾದರೂ ಬರುತ್ತದೆ. ಅದೂ ಉತ್ತರವೇ. ಸನ್ನೆ ಕಲಿಸಿದರೆ ಮಾತು ಕಲಿಯುವುದಿಲ್ಲ ಎಂಬ ಹೆದರಿಕೆ ಬೇಡ, ಸನ್ನೆ ಮಾತಿಗೆ ಅಡ್ಡಿಯಲ್ಲ. ಕೈಗೆ ಮೊಬೈಲ್ ಕೊಟ್ಟು ಉಣಿಸುವುದು ಮಾತ್ರ ಬಿಡಿ, ತುತ್ತಿನ ಕಡೆಗೂ ಗಮನವಿಲ್ಲ, ಅಮ್ಮನ ಮುಖದ ಕಡೆಗೂ ಇಲ್ಲ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂದಿದೆ. ಆ ದಿನ ದಯವಿಟ್ಟು ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಅಲ್ಲಿಂದ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಬರೆದುಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೀಳುತುಟಿಯ ಮಕ್ಕಳಿಗೆ ಶಸ್ತ್ರಚಿಕಿತ್ಸೆಯೂ ಉಚಿತವಾಗಿ ಆಗುತ್ತದೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ. ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ತುಂಬಲು ನಾವಿದ್ದೇವೆ.

ಆ ಮಗುವಿಗೆ ಈಗ ಐದು ವರ್ಷ. ಎಲ್ಲಾ ಸರಿಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಇನ್ನೂ ನಡೆಯುವುದಿಲ್ಲ. ಮೂರು ಮಾತು ಬಂದಿವೆ: 'ಅಮ್ಮ', 'ಬಾ', 'ಬ್ಯಾಡ'. 'ಬ್ಯಾಡ' ಅನ್ನುವುದೇ ಜಾಸ್ತಿ. ಕಳೆದ ಮಳೆಗಾಲದಲ್ಲಿ ಒಂದು ಸಲವೂ ಆಸ್ಪತ್ರೆ ಸೇರಲಿಲ್ಲ. ಈಗ ಅಜ್ಜಿಯೇ ಎದುರಿಗೆ ಕೂತು ಚಮಚ ಹಿಡಿಯುತ್ತಾರೆ, ಬೇರೆಯವರು ಅವಸರ ಮಾಡಿದರೆ ಗದರುತ್ತಾರೆ.

ಆಡಳಿತ ಮಂಡಳಿಯವರಲ್ಲಿ ಒಂದು ಕೇಳಿಕೆ. ತಿಂಗಳಿಗೆ ಎರಡು ಸಲ ಚಿಕಿತ್ಸೆಗೆ ಹೋಗಿಬರುವ ತಾಯಿಗೆ ಬಸ್ ಚಾರ್ಜಿಗಿಂತ ಅವತ್ತಿನ ಕೂಲಿ ಹೋಗುವುದೇ ದೊಡ್ಡ ನಷ್ಟ. ಸಂಘದ ಲಾಭದಲ್ಲಿ ಅಂಥವರಿಗೆಂದು ಸ್ವಲ್ಪ ಹಣ ತೆಗೆದಿಡಲು ಸಾಧ್ಯವೇ ಎಂದು ಮುಂದಿನ ಸಭೆಯಲ್ಲಿ ಚರ್ಚಿಸಬೇಕು.

ಊಟವಾದ ಮೇಲೆ ನಾವಿಬ್ಬರೂ ಡೈರಿಯ ಹಿಂದಿನ ಕೋಣೆಯಲ್ಲಿ ಚಮಚ, ಟವೆಲ್, ಒಂದು ಪಾತ್ರೆ ಸರಿ ಇಟ್ಟುಕೊಂಡು ಕೂತಿರುತ್ತೇವೆ. ಮಗುವನ್ನು ಎತ್ತಿಕೊಂಡು ಬನ್ನಿ, ಅಜ್ಜಿಯರನ್ನೂ ಕರೆತನ್ನಿ.