ಟೆನಿಸ್ ಅಂಗಳದಲ್ಲಿ ಪಿಕಲ್‌ಬಾಲ್

ಟೆನಿಸ್ ಎಂದೊಡನೆ ನಮಗೆ ನೆನಪಾಗುವುದು ಲಂಡನ್ನಿನ ವಿಂಬಲ್ಡನ್. ಆದರೆ ಆ ಕ್ಲಬ್ಬು ಹುಟ್ಟಿದ್ದು ಟೆನಿಸ್ಸಿಗಾಗಿ ಅಲ್ಲ. 1868ರಲ್ಲಿ ಅದನ್ನು ಸ್ಥಾಪಿಸಿದ್ದು ಕ್ರೋಕೆ ಎಂಬ ಆಟಕ್ಕಾಗಿ. ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆದು, ನೆಲದಲ್ಲಿ ನೆಟ್ಟ ಕಮಾನುಗಳ ಮೂಲಕ ತೂರಿಸುವ ಆಟ ಅದು. 1875ರಲ್ಲಿ ಅಲ್ಲಿನ ಒಂದು ಹುಲ್ಲುಹಾಸನ್ನು ಆಗಷ್ಟೇ ಹೊಸದಾಗಿ ಬಂದಿದ್ದ ಲಾನ್ ಟೆನಿಸ್‌ಗೆ ಬಿಟ್ಟುಕೊಟ್ಟರು. 1877ರಲ್ಲಿ ಕ್ಲಬ್ಬಿನ ಹೆಸರಿನಲ್ಲಿ ಟೆನಿಸ್ ಸೇರಿಕೊಂಡಿತು. ಮೊದಲ ಚಾಂಪಿಯನ್‌ಷಿಪ್ಪೂ ನಡೆಯಿತು. 1882ರಲ್ಲಿ ಕ್ರೋಕೆಯ ಹೆಸರನ್ನೇ ತೆಗೆದುಹಾಕಿದರು. 1899ರಲ್ಲಿ ಅದನ್ನು ಮತ್ತೆ ಸೇರಿಸಿದರಾದರೂ, ಅಷ್ಟರಲ್ಲಿ ಅಂಗಳ ಟೆನಿಸ್ಸಿನ ಪಾಲಾಗಿತ್ತು.

ಹೀಗೆ ಬೇರೊಂದು ಆಟದ ಅಂಗಳಕ್ಕೆ ಬಂದು ನೆಲೆಯೂರಿದ ಟೆನಿಸ್, ಇಂದು ತನ್ನದೇ ಅಂಗಳಕ್ಕೆ ಬಂದಿರುವ ಇನ್ನೊಂದು ಆಟವನ್ನು ಎದುರುಗೊಳ್ಳುತ್ತಿದೆ. ಆ ಆಟವೇ ಪಿಕಲ್‌ಬಾಲ್. ಇದು ಹೇಗೆ ಹುಟ್ಟಿತು, ಇಷ್ಟು ಬೇಗ ಏಕೆ ಹಬ್ಬಿತು, ಇದರಿಂದ ಟೆನಿಸ್‌ಗೆ ಆಗಿರುವುದೇನು, ನಾವು ಇದರಿಂದ ತಿಳಿಯಬೇಕಾದದ್ದೇನು ಎಂಬುದನ್ನು ನೋಡೋಣ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ಸಮೀಪದಲ್ಲಿ ಬೇನ್‌ಬ್ರಿಜ್ ಎಂಬ ದ್ವೀಪವಿದೆ. 1965ರ ಬೇಸಿಗೆ ರಜೆಯಲ್ಲಿ ಅಲ್ಲಿ ಜೋಯಲ್ ಪ್ರಿಚರ್ಡ್ ಎಂಬ ರಾಜಕಾರಣಿಯ ಮನೆಯ ಮಂದಿಗೆ ಹೊತ್ತು ಹೋಗುತ್ತಿರಲಿಲ್ಲ. ಮನೆಯಂಗಳದಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಕಣವೇನೋ ಇತ್ತು. ಆಡುವುದಕ್ಕೆ ಸಾಮಗ್ರಿ ಇರಲಿಲ್ಲ. ಪ್ರಿಚರ್ಡ್ ಮತ್ತು ಅವರ ಗೆಳೆಯ ಬಿಲ್ ಬೆಲ್ ಸೇರಿ ಟೇಬಲ್ ಟೆನಿಸ್ ಬ್ಯಾಟುಗಳನ್ನೂ ತೂತುಗಳಿದ್ದ ಒಂದು ಪ್ಲಾಸ್ಟಿಕ್ ಚೆಂಡನ್ನೂ ಹುಡುಕಿ ತೆಗೆದರು. ಚೆಂಡು ಚೆನ್ನಾಗಿ ಪುಟಿಯುತ್ತದೆ ಎಂದು ತಿಳಿದ ಮೇಲೆ ನೆಟ್ಟನ್ನು 60 ಅಂಗುಲದಿಂದ 36 ಅಂಗುಲಕ್ಕೆ ಇಳಿಸಿದರು. ಬಾರ್ನಿ ಮೆಕಲಮ್ ಎಂಬ ಮತ್ತೊಬ್ಬ ಗೆಳೆಯ ಪ್ಲೈವುಡ್ ಕತ್ತರಿಸಿ ಗಟ್ಟಿಯಾದ ಬ್ಯಾಟುಗಳನ್ನು ಮಾಡಿಕೊಟ್ಟರು. ಮೂವರೂ ಕೂಡಿ ನಿಯಮಗಳನ್ನು ರೂಪಿಸಿದರು.

ಹೆಸರು ಕೇಳಿ ಉಪ್ಪಿನಕಾಯಿಗೂ ಈ ಆಟಕ್ಕೂ ಏನು ನಂಟು ಎಂದು ನೀವು ಕೇಳಬಹುದು. ದೋಣಿ ಪಂದ್ಯಗಳಲ್ಲಿ ಬೇರೆ ತಂಡಗಳಿಗೆ ಸೇರದೆ ಉಳಿದವರನ್ನು ಒಟ್ಟುಗೂಡಿಸಿ ಮಾಡಿದ ದೋಣಿಗೆ ಇಂಗ್ಲಿಷಿನಲ್ಲಿ ‘ಪಿಕಲ್ ಬೋಟ್’ ಎನ್ನುತ್ತಾರೆ. ಹಲವು ಆಟಗಳ ಅಳಿದುಳಿದ ಸಾಮಾನುಗಳಿಂದ ಆದ ಆಟಕ್ಕೆ ಪ್ರಿಚರ್ಡ್ ಅವರ ಪತ್ನಿ ಜೋನ್ ಅದೇ ಹೆಸರನ್ನು ಇಟ್ಟರೆಂದು ಹೇಳುತ್ತಾರೆ. ಮನೆಯ ನಾಯಿಯ ಹೆಸರು ಇದಕ್ಕೆ ಬಂತೆಂಬ ಇನ್ನೊಂದು ಕಥೆಯೂ ಇದೆ. ಆದರೆ ನಾಯಿ ಬಂದದ್ದು ಆಟ ಹುಟ್ಟಿದ ಮೇಲೆ ಎಂದು ಅಲ್ಲಿನ ಪಿಕಲ್‌ಬಾಲ್ ಸಂಸ್ಥೆ ತೀರ್ಮಾನಿಸಿದೆ.

ಸುಮಾರು ಅರ್ಧ ಶತಮಾನ ಈ ಆಟ ನಿಧಾನವಾಗಿಯೇ ಬೆಳೆಯಿತು. ಅದು ದಿಢೀರನೆ ಹಬ್ಬಿದ್ದು ಕೋವಿಡ್ ಕಾಲದಿಂದ ಈಚೆಗೆ. ಅಮೆರಿಕದ ಕ್ರೀಡಾ ಉದ್ಯಮಗಳ ಸಂಘದ ಲೆಕ್ಕದಂತೆ, ವರ್ಷದಲ್ಲಿ ಒಮ್ಮೆಯಾದರೂ ಪಿಕಲ್‌ಬಾಲ್ ಆಡಿದವರ ಸಂಖ್ಯೆ 2021ರಲ್ಲಿ 48 ಲಕ್ಷ. 2022ರಲ್ಲಿ 89 ಲಕ್ಷ. 2023ರಲ್ಲಿ 1 ಕೋಟಿ 36 ಲಕ್ಷ. 2024ರಲ್ಲಿ 1 ಕೋಟಿ 98 ಲಕ್ಷ. ಮೂರು ವರ್ಷಗಳಲ್ಲಿ ನಾಲ್ಕು ಪಟ್ಟು! 2022ರಲ್ಲಿ ವಾಷಿಂಗ್ಟನ್ ರಾಜ್ಯ ಇದನ್ನು ತನ್ನ ಅಧಿಕೃತ ಕ್ರೀಡೆಯೆಂದು ಘೋಷಿಸಿತು.

ಹಾಗಾದರೆ ಟೆನಿಸ್ ಸೊರಗಿತೇ? ಇಲ್ಲಿಯೇ ಗಮನಿಸಬೇಕಾದ ಸಂಗತಿ ಇರುವುದು. ಅದೇ ಅಮೆರಿಕದಲ್ಲಿ ಟೆನಿಸ್ ಆಡಿದವರು 2019ರಲ್ಲಿ 1 ಕೋಟಿ 77 ಲಕ್ಷ. 2024ರಲ್ಲಿ 2 ಕೋಟಿ 57 ಲಕ್ಷ. ಎಂದರೆ ಟೆನಿಸ್ಸೂ ಬೆಳೆದಿದೆ. ಸಂಖ್ಯೆಯಲ್ಲಿ ಇನ್ನೂ ಮುಂದೆಯೇ ಇದೆ. ಪಿಕಲ್‌ಬಾಲ್ ಟೆನಿಸ್ಸಿನ ಆಟಗಾರರನ್ನೆಲ್ಲ ಕಸಿದುಕೊಂಡಿತು ಎಂಬ ಮಾತಿಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಪೈಪೋಟಿ ನಡೆಯುತ್ತಿರುವುದು ಆಟಗಾರರಿಗಾಗಿ ಅಲ್ಲ, ಜಾಗಕ್ಕಾಗಿ.

ಈ ಮಾತು ಸ್ಪಷ್ಟವಾಗಬೇಕಾದರೆ ಎರಡು ಅಂಕಣಗಳ ಅಳತೆಯನ್ನು ನೋಡಬೇಕು. ಟೆನಿಸ್ ಅಂಕಣ 78 ಅಡಿ ಉದ್ದ. ಡಬಲ್ಸ್ ಆಟಕ್ಕೆ 36 ಅಡಿ ಅಗಲ. ಪಿಕಲ್‌ಬಾಲ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಸುತ್ತಲಿನ ಓಡಾಟದ ಜಾಗವನ್ನೂ ಸೇರಿಸಿದರೆ ಟೆನಿಸ್‌ಗೆ 7,200 ಚದರ ಅಡಿ ಬೇಕು, ಪಿಕಲ್‌ಬಾಲ್‌ಗೆ 1,800 ಚದರ ಅಡಿ ಸಾಕು. ಒಂದು ಟೆನಿಸ್ ಅಂಕಣವಿರುವಲ್ಲಿ ನಾಲ್ಕು ಪಿಕಲ್‌ಬಾಲ್ ಅಂಕಣಗಳು ಹಿಡಿಯುತ್ತವೆ. ನಾಲ್ವರು ಆಡುವಲ್ಲಿ ಹದಿನಾರು ಮಂದಿ ಆಡಬಹುದು. ಜಾಗವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮಾಲೀಕನ ಮನಸ್ಸು ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. 2024ರ ವಿಂಬಲ್ಡನ್ ಸಂದರ್ಭದಲ್ಲಿ ನೊವಾಕ್ ಜೊಕೊವಿಚ್ ಅವರೇ ಈ ಆತಂಕವನ್ನು ತೋಡಿಕೊಂಡರು. ಕ್ಲಬ್ಬುಗಳ ಮಟ್ಟದಲ್ಲಿ ಟೆನಿಸ್ ಅಪಾಯದಲ್ಲಿದೆ, ಹೆಚ್ಚು ಲಾಭವಿರುವುದರಿಂದ ಅಂಕಣಗಳು ಪಡೆಲ್ ಮತ್ತು ಪಿಕಲ್‌ಬಾಲ್‌ಗೆ ಮಾರ್ಪಡುತ್ತವೆ ಎಂಬುದು ಅವರ ಮಾತಿನ ಸಾರ.

ಜಾಗದ ಉಳಿತಾಯವೊಂದರಿಂದಲೇ ಜನ ಒಂದು ಆಟಕ್ಕೆ ಒಲಿಯುವುದಿಲ್ಲ. ಪಿಕಲ್‌ಬಾಲ್ ನಿಯಮಗಳಲ್ಲಿ ಒಂದು ಜಾಣತನವಿದೆ. ಟೆನಿಸ್ಸಿನಲ್ಲಿ ಹೊಸಬನಿಗೆ ಮೊದಲು ಅಡ್ಡಬರುವುದು ಸರ್ವ್. ತಲೆಯ ಮೇಲಿಂದ ಬೀಸಿ ಹೊಡೆಯುವ ಆ ಹೊಡೆತವನ್ನು ಕಲಿಯುವುದಕ್ಕೇ ತಿಂಗಳುಗಳು ಬೇಕು. ಪಿಕಲ್‌ಬಾಲ್‌ನಲ್ಲಿ ಸೊಂಟದ ಕೆಳಗಿನಿಂದ ಎತ್ತಿ ಹೊಡೆದರೆ ಸಾಕು. ಸರ್ವ್ ಆದ ಚೆಂಡು ಒಮ್ಮೆ, ಅದು ಹಿಂತಿರುಗಿ ಬಂದಾಗ ಮತ್ತೊಮ್ಮೆ, ನೆಲಕ್ಕೆ ಪುಟಿಯಲೇಬೇಕು. ಹೀಗಾಗಿ ಮೊದಲ ಹೊಡೆತಕ್ಕೇ ಪಾಯಿಂಟ್ ಮುಗಿಯುವುದು ಅಪರೂಪ. ನೆಟ್ಟಿನ ಎರಡೂ ಕಡೆ 7 ಅಡಿಗಳ ಪಟ್ಟಿಯನ್ನು ‘ಕಿಚನ್’, ಅಂದರೆ ಅಡುಗೆಮನೆ, ಎನ್ನುತ್ತಾರೆ. ಅದರೊಳಗೆ ಕಾಲಿಡಬಹುದು, ಆದರೆ ಅಲ್ಲಿ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಮುಟ್ಟುವಂತಿಲ್ಲ. ನಮ್ಮ ಅಜ್ಜಿಯರ ಮಡಿಯ ಅಡುಗೆಮನೆ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ! ಈ ಕಟ್ಟುಪಾಡಿನಿಂದಾಗಿ ಎತ್ತರದವರು, ಬಲಶಾಲಿಗಳು ನೆಟ್ಟಿನ ಮೇಲೆ ಬಾಗಿ ಚೆಂಡನ್ನು ಅಪ್ಪಳಿಸಲು ಆಗುವುದಿಲ್ಲ. ಚೆಂಡಿನ ತೂಕವೋ ಟೆನಿಸ್ ಚೆಂಡಿನ ಅರ್ಧಕ್ಕಿಂತ ಕಡಿಮೆ. ತೂತುಗಳಿರುವುದರಿಂದ ಗಾಳಿಯಲ್ಲಿ ಅದರ ವೇಗ ಬೇಗ ಕುಗ್ಗುತ್ತದೆ. ಇವೆಲ್ಲ ಸೇರಿ ಅಜ್ಜ ಮೊಮ್ಮಗಳೊಡನೆ, ಅತ್ತೆ ಸೊಸೆಯೊಡನೆ ಮೊದಲ ದಿನವೇ ನಗುನಗುತ್ತ ಆಡುವಂತಾಯಿತು. ಪಿಕಲ್‌ಬಾಲ್‌ನ ಗೆಲುವಿನ ಗುಟ್ಟು ಇದೇ.

ಹಾಗೆಂದು ಟೆನಿಸ್ಸಿನ ಕಷ್ಟವನ್ನು ದೋಷವೆಂದು ಭಾವಿಸಬಾರದು. ವರ್ಷಗಟ್ಟಲೆ ಸಾಧನೆ ಮಾಡಿ ಒಲಿಸಿಕೊಳ್ಳುವ ವಿದ್ಯೆಗೆ ಅದರದೇ ಆದ ಬೆಲೆಯುಂಟು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದರು. ಅಂಥ ಫಲ ಬಿಡುವುದು ದೀರ್ಘ ಕೃಷಿಯಿಂದಲೇ. ಬೇಗ ಒಲಿಯುವ ಆಟ ಬಂದಿತೆಂದು ನಿಧಾನವಾಗಿ ಒಲಿಯುವ ಆಟಕ್ಕೆ ನೆಲೆಯಿಲ್ಲದಂತಾದರೆ ಅದು ನಷ್ಟವೇ ಸರಿ.

ಇನ್ನು ನೆರೆಹೊರೆಯವರ ಪಾಡು. ಗಟ್ಟಿ ಬ್ಯಾಟಿಗೆ ಗಟ್ಟಿ ಪ್ಲಾಸ್ಟಿಕ್ ಚೆಂಡು ತಾಗಿದಾಗ ಏಳುವ ‘ಟಕ್ ಟಕ್’ ಸದ್ದು ಟೆನಿಸ್ಸಿನ ಮೆತ್ತನೆಯ ಸದ್ದಿನಂತಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅದನ್ನು ಕೇಳಬೇಕಾದವರು ಅಮೆರಿಕದ ಹಲವು ಊರುಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ನ್ಯೂಯಾರ್ಕ್ ನಗರದ ಸೆರವಾಲಿ ಎಂಬ ಚಿಕ್ಕ ಮೈದಾನದಲ್ಲಿ ಪಿಕಲ್‌ಬಾಲ್ ಆಡುವವರಿಗೂ ಅಲ್ಲಿಗೆ ಮಕ್ಕಳನ್ನು ಕರೆತರುವ ತಂದೆತಾಯಂದಿರಿಗೂ ವಿವಾದ ಬೆಳೆದು, ಕೊನೆಗೆ ಉದ್ಯಾನ ಇಲಾಖೆ ಅಲ್ಲಿ ಈ ಆಟವನ್ನೇ ನಿಷೇಧಿಸಬೇಕಾಯಿತು. ಆಟ ಎಷ್ಟೇ ಒಳ್ಳೆಯದಾದರೂ ಮಕ್ಕಳ ಜಾಗವನ್ನೂ ನೆರೆಯವರ ನಿದ್ರೆಯನ್ನೂ ಕಿತ್ತುಕೊಂಡು ಬಾಳಲಾರದು.

ನಮ್ಮ ದೇಶಕ್ಕೆ ಈ ಆಟವನ್ನು ತಂದವರು ಮುಂಬಯಿಯ ಸುನಿಲ್ ವಳವಲ್ಕರ್. ಕೆನಡಾದಲ್ಲಿ ಕಂಡ ಆಟವನ್ನು ಅವರು ಇಲ್ಲಿ ಪರಿಚಯಿಸಿದರು. 2008ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟವೆಂಬ ಮಾನ್ಯತೆ ನೀಡಿತು. ಬೆಂಗಳೂರಿನಲ್ಲಂತೂ ತಾರಸಿಗಳ ಮೇಲೆ, ಖಾಲಿ ನಿವೇಶನಗಳಲ್ಲಿ ಅಂಕಣಗಳು ಎದ್ದಿವೆ; ಸದ್ದಿನ ದೂರುಗಳೂ ಅವುಗಳ ಬೆನ್ನಿಗೇ ಬಂದಿವೆ.

ಇಲ್ಲಿ ನಾವು ಯೋಚಿಸಬೇಕಾದ ಒಂದು ಮಾತಿದೆ. ನಮ್ಮಲ್ಲಿ ಟೆನಿಸ್ ಬಹುಕಾಲ ಕ್ಲಬ್ಬಿನ ಗೇಟಿನೊಳಗೇ ಉಳಿಯಿತು. ಹೊರಗಿದ್ದ ನಮ್ಮ ಹುಡುಗರು ಶಾಲೆ ಕಾಲೇಜುಗಳ ಬಯಲಿನಲ್ಲಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಡಿ ಸಂತೋಷಪಟ್ಟರು. ಈಗ ಪಿಕಲ್‌ಬಾಲ್ ಬಂದಿರುವುದು ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಆಡುವ ಆಟವಾಗಿ. ಮನೆಯಲ್ಲಿದ್ದ ಹಳೆಯ ಸಾಮಾನಿನಿಂದ ಹುಟ್ಟಿದ ಆಟ ಹಣವುಳ್ಳವರ ಆಟವಾಗಿಬಿಟ್ಟರೆ ಅದಕ್ಕಿಂತ ವಿಪರ್ಯಾಸ ಬೇರೆ ಇಲ್ಲ.

ಹಾಗಾಗಬೇಕಾಗಿಯೂ ಇಲ್ಲ. 44 ಅಡಿ ಉದ್ದ, 20 ಅಡಿ ಅಗಲ ಎಂಬುದು ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೇ. ಸಿಮೆಂಟು ನೆಲದ ಬ್ಯಾಡ್ಮಿಂಟನ್ ಅಂಕಣವಿರುವ ಯಾವ ಶಾಲೆಯಾದರೂ ನೆಟ್ಟನ್ನು ಇಳಿಸಿ, ಕಿಚನ್‌ನ ಎರಡು ಗೆರೆಗಳನ್ನು ಎಳೆದರೆ ಆಟಕ್ಕೆ ಅಣಿಯಾಗಬಹುದು. ಬ್ಯಾಟುಗಳನ್ನು ಊರಿನ ಬಡಗಿಯೇ ಪ್ಲೈವುಡ್ಡಿನಲ್ಲಿ ಮಾಡಿಕೊಡಬಲ್ಲ. ನಿಮ್ಮ ಬಡಾವಣೆಯ ಉದ್ಯಾನದಲ್ಲೋ ವಸತಿ ಸಂಕೀರ್ಣದಲ್ಲೋ ಹೊಸ ಅಂಕಣದ ಮಾತು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿ. ಮಲಗುವ ಕೋಣೆಗಳಿಂದ ಅದು ಸಾಕಷ್ಟು ದೂರವಿದೆಯೇ? ಆಟದ ವೇಳೆ ಗೊತ್ತುಮಾಡಿದ್ದಾರೆಯೇ? ಮಕ್ಕಳು ಈಗ ಓಡಿಯಾಡುವ ಜಾಗಕ್ಕೆ ಅದು ಕೈಹಾಕಿದೆಯೇ? ಟೆನಿಸ್ ಅಂಕಣವಿದ್ದರೆ ಅದನ್ನು ಕೆಡವುವ ಬದಲು, ಸರಿಸಬಹುದಾದ ನೆಟ್ಟುಗಳನ್ನು ಇಟ್ಟು ಹೊತ್ತು ಹಂಚಿಕೊಳ್ಳಬಹುದು.

ಕೊನೆಯದಾಗಿ, ವಯಸ್ಸಾದ ಓದುಗರಲ್ಲಿ ಒಂದು ಬಿನ್ನಹ. ಈ ಆಟ ಸುಲಭವೆಂದು ಮೈ ಬಿಸಿಮಾಡಿಕೊಳ್ಳದೆ ಇಳಿಯಬೇಡಿ. ಜಾರದ ಬೂಟು ಧರಿಸಿ. ತಲೆಯ ಮೇಲೆ ಹೋದ ಚೆಂಡಿಗಾಗಿ ಹಿಂದೆಹಿಂದಕ್ಕೆ ಓಡಬೇಡಿ, ತಿರುಗಿ ಓಡಿ. ಒಂದು ಪಾಯಿಂಟ್ ಹೋದರೆ ಮತ್ತೆ ಗಳಿಸಬಹುದು. ಮುರಿದ ಮಣಿಕಟ್ಟು ಕೂಡಿಕೊಳ್ಳುವುದಕ್ಕೆ ವಾರಗಳು ಬೇಕು. ಟೆನಿಸ್ ಬಲ್ಲವರು ಅದನ್ನು ಬಿಡಬೇಡಿ, ಮಕ್ಕಳಿಗೂ ಕಲಿಸಿ. ಯಾವ ಆಟವನ್ನೂ ಆಡದೆ ಕುಳಿತವರು ಇದನ್ನಾದರೂ ಹಿಡಿದು ಅಂಗಳಕ್ಕೆ ಬನ್ನಿ.